ಹೈರೊಗ್ಲಿಫ್ ಓದೋದು ಹೇಗೆ? ಹೆಸರಿನ ಅರ್ಥದಿಂದಲೇ ಶುರು ಮಾಡೋಣ

ಅಕ್ಕನ ಮನೆಯ ಗೋಡೆಯ ಮೇಲೆ ಒಂದು ಪಪೈರಸ್ ಚಿತ್ರ ಇದೆ. ಭಾವ ಈಜಿಪ್ಟಿಗೆ ಹೋದಾಗ ಲಕ್ಸರ್‌ನಲ್ಲಿ ಕೊಂಡು ತಂದಿದ್ದು. ಅದರಲ್ಲಿ ಉದ್ದುದ್ದ ಎರಡು ಉಂಗುರ. ಒಂದರೊಳಗೆ ಸೂರ್ಯ, ಜೀರುಂಡೆ, ಬುಟ್ಟಿ. ಇನ್ನೊಂದರೊಳಗೆ ಎಲೆ, ನೀರಿನ ಅಲೆ, ಒಂದು ಹಕ್ಕಿಮರಿ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು ಒಂದೊಂದು ಅರ್ಥ ಹೇಳುತ್ತಾರೆ. ಹಕ್ಕಿ ಅಂದ್ರೆ ಆತ್ಮ, ಅಲೆ ಅಂದ್ರೆ ನೈಲ್ ನದಿ, ಹೀಗೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಓದೋದು ಕಲಿತ ಮೇಲೆ ಗೊತ್ತಾಯಿತು: ಆ ಅಲೆ ಬರೀ 'ನ್'. ಆ ಹಕ್ಕಿಮರಿ ಬರೀ 'ವ್' ಅಥವಾ 'ಉ'. ಎರಡು ಉಂಗುರದಲ್ಲೂ ಇರುವುದು ಒಬ್ಬ ಹುಡುಗ ಅರಸನ ಹೆಸರು.

ಹೈರೊಗ್ಲಿಫ್ ಎಂಬ ಹಳೆಯ ಈಜಿಪ್ಟಿನ ಈ ಲಿಪಿಯನ್ನು ಪೂರ್ತಿ ಕಲಿಯಲು ವರ್ಷಗಳೇ ಬೇಕು. ಆದರೆ ಅರಸರ ಹೆಸರು, ಸಂಖ್ಯೆ, ಸಮಾಧಿಯ ಕಲ್ಲಿನ ಮೇಲೆ ಮತ್ತೆ ಮತ್ತೆ ಬರುವ ಒಂದು ಸಾಲು, ಇಷ್ಟನ್ನು ಓದಲು ಕೆಲವು ವಾರ ಸಾಕು. ನಾನು ಕಲಿತ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಹೆಜ್ಜೆ 1: ಹೆಸರು ಏನು ಹೇಳುತ್ತೆ ನೋಡಿ

'ಹೈರೊಗ್ಲಿಫ್' ಈಜಿಪ್ಟಿನ ಮಾತಲ್ಲ, ಗ್ರೀಕರದು. ಗ್ರೀಕಿನಲ್ಲಿ 'ಹಿಯೆರೋಸ್' ಅಂದರೆ ಪವಿತ್ರ, 'ಗ್ಲಿಫೋ' ಅಂದರೆ ಕೆತ್ತು. ಎರಡೂ ಸೇರಿ ಪವಿತ್ರ ಕೆತ್ತನೆ. ಗುಡಿಯ ಗೋಡೆಗಳ ಮೇಲೆ ಈ ಅಕ್ಷರಗಳನ್ನು ಕಂಡ ಗ್ರೀಕರು ಕಣ್ಣಿಗೆ ಕಂಡದ್ದನ್ನೇ ಹೆಸರಾಗಿ ಇಟ್ಟರು.

ಈಜಿಪ್ಟಿನವರು ಇಟ್ಟುಕೊಂಡ ಹೆಸರು ಬೇರೆ: 'ಮೆದು ನೆಚೆರ್'. ಮೆದು ಅಂದರೆ ಮಾತುಗಳು, ನೆಚೆರ್ ಅಂದರೆ ದೇವರು. ದೇವರ ಮಾತು. ಬರವಣಿಗೆಯನ್ನು ಕೊಟ್ಟವನು ಥೋತ್ ಎಂಬ ದೇವರು ಎಂದು ಅವರು ನಂಬಿದ್ದರು. ಕೆಂಬರಲಿನಂಥ ಬಾಗಿದ ಕೊಕ್ಕಿನ ಹಕ್ಕಿಯ ತಲೆ ಅವನಿಗೆ. ಈ ಹೆಸರನ್ನು ಬರೆಯಲು ಎರಡೇ ಗುರುತು ಸಾಕು: ಬಾವುಟ ಕಟ್ಟಿದ ಕಂಬ 'ನೆಚೆರ್', ಊರುಗೋಲು 'ಮೆದು'.

ಇನ್ನು ಕನ್ನಡದಲ್ಲಿ ನಾವು ಇದನ್ನು ಚಿತ್ರಲಿಪಿ ಅನ್ನುತ್ತೇವೆ. ಗ್ರೀಕರಿಗೆ ಕೆತ್ತನೆ, ನಮಗೆ ಚಿತ್ರ, ಬರೆದವರಿಗೆ ಮಾತು. ಈ ಮೂರರಲ್ಲಿ ಬರೆದವರು ಇಟ್ಟ ಹೆಸರೇ ಸರಿ ಎಂದು ನನಗೆ ಅನಿಸುತ್ತದೆ. ಓದಲು ಕೂರುವಾಗ ತಲೆಯಲ್ಲಿ ಇರಬೇಕಾದದ್ದೂ ಅದೇ: ನೀವು ಚಿತ್ರ ನೋಡುತ್ತಿಲ್ಲ, ಯಾರೋ ಆಡಿದ ಮಾತು ಕೇಳುತ್ತಿದ್ದೀರಿ.

ಹೆಜ್ಜೆ 2: ಚಿತ್ರದ ಅರ್ಥ ಊಹಿಸುವುದನ್ನು ಬಿಡಿ

ಕಷ್ಟದ ಹೆಜ್ಜೆ ಇದೇ. ಕನ್ನಡದಲ್ಲೇ ಒಂದು ಆಟ ಆಡಿ ನೋಡೋಣ. 'ಚಿಂತೆ ಕಾಡುತ್ತದೆ' ಎಂದು ಚಿತ್ರದಲ್ಲಿ ಬರೆಯಬೇಕು. ಚಿಂತೆ ಕಾಡುವುದನ್ನು ಹೇಗೆ ಬಿಡಿಸುತ್ತೀರಿ? ಬಿಡಿಸಲು ಆಗಲ್ಲ. ಆದರೆ ನಾಲ್ಕು ಮರ ಬಿಡಿಸಿ ಅದನ್ನು 'ಕಾಡು' ಎಂದು ಓದಿದರೆ ಕೆಲಸ ಆಯಿತು. ಮರಕ್ಕೂ ಚಿಂತೆಗೂ ಸಂಬಂಧ ಇಲ್ಲ, ಶಬ್ದ ಮಾತ್ರ ಒಂದೇ. ಹೈರೊಗ್ಲಿಫ್‌ನ ಗುಟ್ಟು ಇಷ್ಟೇ.

ಈಜಿಪ್ಟಿನ ಉದಾಹರಣೆ ಒಂದು ಬಾತುಕೋಳಿ. ಆ ಗುರುತಿನ ಶಬ್ದ 'ಸಾ'. ಅವರ ಭಾಷೆಯಲ್ಲಿ ಮಗ ಅನ್ನಲೂ 'ಸಾ' ಎಂದೇ. ಅದಕ್ಕೇ ಮಗ ಎಂದು ಬರೆಯಬೇಕಾದಲ್ಲಿ ಬಾತುಕೋಳಿ ಬಿಡಿಸಿದರು. ಕ್ರಿಸ್ತಶಕ 5ನೇ ಶತಮಾನದ ಹೊತ್ತಿಗೆ ಈ ಲಿಪಿ ಓದಬಲ್ಲವರು ಇಲ್ಲವಾಗಿದ್ದರು. ಆಗ ಹೋರಪೋಲೋ ಎಂಬಾತನ ಹೆಸರಿನಲ್ಲಿ ಬಂದ ಪುಸ್ತಕವೊಂದು ಈ ಗುರುತಿಗೆ ಕಾರಣ ಕೊಟ್ಟಿತು: ಈ ಹಕ್ಕಿಗೆ ಮರಿಗಳ ಮೇಲೆ ತುಂಬ ಪ್ರೀತಿ, ಅದಕ್ಕೇ ಇದು ಮಗನ ಗುರುತು ಅಂತ. ಅರ್ಥ ಸರಿ, ಕಾರಣ ತಪ್ಪು. ಯುರೋಪಿನ ವಿದ್ವಾಂಸರು ಈ ಬಗೆಯ ಕಾರಣಗಳನ್ನೇ ನಂಬಿ ನೂರಾರು ವರ್ಷ ಚಿತ್ರಗಳಲ್ಲಿ ಗೂಢಾರ್ಥ ಹುಡುಕಿದರು. ಒಂದು ಸಾಲೂ ಓದಲು ಆಗಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಈಜಿಪ್ಟಿನವರು ವ್ಯಂಜನ ಮಾತ್ರ ಬರೆಯುತ್ತಿದ್ದರು, ಸ್ವರ ಇಲ್ಲ. ನಮ್ಮ 'ಕ' ಅಕ್ಷರದಲ್ಲಿ 'ಅ' ಸೇರಿಯೇ ಇರುತ್ತೆ, ಉಳಿದ ಸ್ವರಕ್ಕೆ ಕಾಗುಣಿತ ಇದೆ. ಅವರಿಗೆ ಕಾಗುಣಿತವೇ ಇಲ್ಲ. 'ಮ್-ರ್' ಎಂದಷ್ಟೇ ಬರೆದರೆ ನಾವು ಮರ, ಮೊರ, ಮೂರು, ಮೋರೆ, ಮುರಿ, ಮಾರಿ, ಏನು ಬೇಕಾದರೂ ಓದಬಹುದು ಅಲ್ವಾ? ಅವರಿಗೂ ಇದೇ ತೊಂದರೆ. ಅವರ ಭಾಷೆಯಲ್ಲೂ ಪ್ರೀತಿಸು, ಕಾಯಿಲೆ, ಕಾಲುವೆ, ಪಿರಮಿಡ್ ಈ ನಾಲ್ಕಕ್ಕೂ ವ್ಯಂಜನಗಳು 'ಮ್-ರ್' ತಾನೇ. ಇದನ್ನು ಹೇಗೆ ಬಿಡಿಸಿಕೊಂಡರು ಎಂದು ಹೆಜ್ಜೆ 6ರಲ್ಲಿ ನೋಡೋಣ.

ಸ್ವರ ಗೊತ್ತಿಲ್ಲದ ಕಡೆ ಇಂದಿನ ವಿದ್ವಾಂಸರು ಸುಮ್ನೆ 'ಎ' ಸೇರಿಸಿ ಓದುತ್ತಾರೆ. ನ್-ಫ್-ರ್ ಇದ್ದರೆ 'ನೆಫೆರ್'. ಅಂದಿನವರು ಹಾಗೇ ಅನ್ನುತ್ತಿದ್ದರು ಎಂದಲ್ಲ, ಬಾಯಲ್ಲಿ ಹೇಳಲು ಒಂದು ಅನುಕೂಲ ಅಷ್ಟೇ.

ಹೆಜ್ಜೆ 3: ಯಾವ ಕಡೆಯಿಂದ ಓದಬೇಕು?

ಹಕ್ಕಿ, ಮನುಷ್ಯ, ಹಾವು, ಯಾವುದಾದರೂ ಜೀವಿಯ ಮುಖ ನೋಡಿ. ಅದು ಸಾಲಿನ ಆರಂಭದ ಕಡೆ ತಿರುಗಿರುತ್ತದೆ. ಮುಖ ಬಲಕ್ಕಿದ್ದರೆ ಬಲದಿಂದ ಎಡಕ್ಕೆ ಓದಿ, ಎಡಕ್ಕಿದ್ದರೆ ಎಡದಿಂದ ಬಲಕ್ಕೆ. ಬಲದಿಂದ ಎಡಕ್ಕೆ ಬರೆದದ್ದೇ ಜಾಸ್ತಿ. ಒಂದರ ಮೇಲೊಂದು ಇದ್ದರೆ ಮೇಲಿನದು ಮೊದಲು.

ಗೂಬೆಯ ವಿಷಯದಲ್ಲಿ ಎಚ್ಚರ. ಅದು ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಿರುತ್ತದೆ, ಅದರ ಮೈ ಯಾವ ಕಡೆಗಿದೆ ಎಂದು ನೋಡಬೇಕು.

ಹೆಜ್ಜೆ 4: ಮೊದಲು ಹತ್ತು ಹದಿನೈದು ಅಕ್ಷರ

ಈ ಲಿಪಿಯ ಉಚ್ಛ್ರಾಯ ಕಾಲದಲ್ಲಿ ಬಳಕೆಯಲ್ಲಿದ್ದ ಗುರುತುಗಳು ಸುಮಾರು 700. ಅದನ್ನು ನೋಡಿ ಹೆದರಬೇಡಿ. ಅವುಗಳಲ್ಲಿ ಒಂದೊಂದೇ ವ್ಯಂಜನ ಹೇಳುವಂಥವು 24ರಷ್ಟು ಮಾತ್ರ. ಅದರಲ್ಲೂ ಇವುಗಳಿಂದ ಶುರು ಮಾಡಿ:

ಗೂಬೆ 'ಮ್'. ನೀರಿನ ಅಲೆ 'ನ್'. ಬಾಯಿ 'ರ್'. ಅರ್ಧ ಚಂದ್ರನಂಥ ಸಣ್ಣ ರೊಟ್ಟಿ 'ತ್'. ಪಾದ 'ಬ್'. ಚೌಕಾಕಾರದ ಪೀಠ 'ಪ್'. ಕೊಂಬಿರುವ ಹಾವು 'ಫ್'. ಮಡಿಸಿ ತೂಗುಹಾಕಿದ ಬಟ್ಟೆ 'ಸ್'. ಹಿಡಿ ಇರುವ ಬುಟ್ಟಿ 'ಕ್'. ಕೈ 'ದ್'. ಜೊಂಡಿನ ಎಲೆ ಒಂದಿದ್ದರೆ 'ಇ', ಎರಡಿದ್ದರೆ 'ಯ್'. ಲಾವಕ್ಕಿಯ ಮರಿ 'ವ್' ಅಥವಾ 'ಉ'. ಈ 'ಇ', 'ಉ' ಕೂಡ ಅವರ ಲೆಕ್ಕದಲ್ಲಿ ವ್ಯಂಜನಗಳೇ, ಸ್ವರದಂತೆ ಓದುವುದು ನಮ್ಮ ಅನುಕೂಲಕ್ಕೆ.

ಓದಿ ಬಾಯಿಪಾಠ ಮಾಡಬೇಡಿ. ಗೀಟಿನ ಪುಸ್ತಕದಲ್ಲಿ ಕೈಯಾರೆ ಬರೆಯಿರಿ, ದಿನಕ್ಕೆ ಮೂರು. ಗೂಬೆ ಬರೆಯುವುದು ಮೊದಲು ಕಷ್ಟ, ನಾಲ್ಕು ದಿನದಲ್ಲಿ ಬರುತ್ತದೆ. ಕೈ ಕಲಿತದ್ದನ್ನು ಕಣ್ಣು ಬೇಗ ಗುರುತಿಸುತ್ತದೆ.

ಇವಲ್ಲದೆ ಎರಡು ಅಥವಾ ಮೂರು ವ್ಯಂಜನ ಒಟ್ಟಿಗೆ ಹೇಳುವ ಗುರುತುಗಳಿವೆ. ಮನೆಯ ನಕ್ಷೆಯಂಥದ್ದು 'ಪ್-ರ್'. ಮೇಲೆ ಕುಣಿಕೆ ಇರುವ ಶಿಲುಬೆಯಂಥದ್ದು 'ಅಂಖ್', ಜೀವ. ಅವನ್ನು ಎದುರಾದಾಗ ಒಂದೊಂದಾಗಿ ಕಲಿತರೆ ಸಾಕು. ಪುಸ್ತಕದಲ್ಲಾಗಲಿ ಜಾಲತಾಣದಲ್ಲಾಗಲಿ ಗುರುತುಗಳ ಪಕ್ಕ 'ಜಿ 17', 'ಎನ್ 35' ಎಂಬ ಸಂಖ್ಯೆ ಕಾಣಿಸುತ್ತದೆ. ಅದು ಅಲನ್ ಗಾರ್ಡಿನರ್ ಎಂಬ ವಿದ್ವಾಂಸರು ಮಾಡಿದ ಪಟ್ಟಿ. ಜಿ ಅಂದರೆ ಹಕ್ಕಿಗಳ ಗುಂಪು, ಅದರಲ್ಲಿ 17 ಗೂಬೆ. ಹುಡುಕಲು ಈ ಸಂಖ್ಯೆಯೇ ಸುಲಭ. 2009ರಿಂದ ಯೂನಿಕೋಡ್‌ನಲ್ಲೂ ಇವು ಸೇರಿವೆ, ಹಾಗಾಗಿ ಮೊಬೈಲಿನಲ್ಲೇ ಟೈಪ್ ಮಾಡಬಹುದು.

ಹೆಜ್ಜೆ 5: ಉಂಗುರ ಹುಡುಕಿ

ಅರಸರ ಹೆಸರಿನ ಸುತ್ತ ಉದ್ದ ಉಂಗುರ ಇರುತ್ತದೆ, ಒಂದು ತುದಿಯಲ್ಲಿ ಗಂಟು ಹಾಕಿದ ಹಗ್ಗದ ಹಾಗೆ. ಇದಕ್ಕೆ ಕಾರ್ತೂಶ್ ಎನ್ನುತ್ತಾರೆ. ನೆಪೋಲಿಯನ್ ಜೊತೆ ಬಂದ ಫ್ರೆಂಚ್ ಸೈನಿಕರಿಗೆ ಅದು ತಮ್ಮ ಬಂದೂಕಿನ ತೋಟಾದಂತೆ ಕಂಡಿತು, ಅವರ ಭಾಷೆಯಲ್ಲಿ ತೋಟಾಕ್ಕೆ ಕಾರ್ತೂಶ್. ನಮ್ಮ ಪತ್ರಿಕೆಗಳಲ್ಲಿ ಬರುವ 'ಕಾಡತೂಸು' ಕೂಡ ಇದೇ ಬಳ್ಳಿಯ ಮಾತು, ನಮಗೆ ಬಂದದ್ದು ಪೋರ್ಚುಗೀಸರ ಕಡೆಯಿಂದ. ಈಜಿಪ್ಟಿನವರು ಇದನ್ನು 'ಶೆನು' ಎಂದರು, ಸುತ್ತುವರಿಯುವುದು ಎಂಬ ಅರ್ಥದ ಮಾತಿನಿಂದ.

ಕಳೆದುಹೋದ ಲಿಪಿ ಮತ್ತೆ ಸಿಕ್ಕಿದ್ದೂ ಈ ಉಂಗುರದಿಂದಲೇ. 1799ರಲ್ಲಿ ರಶೀದ್ ಎಂಬ ಊರಿನ ಬಳಿ ಫ್ರೆಂಚ್ ಸೈನಿಕರಿಗೆ ಒಂದು ಒಡೆದ ಕಲ್ಲು ಸಿಕ್ಕಿತು. ಯುರೋಪಿನವರ ಬಾಯಲ್ಲಿ ಆ ಊರು ರೊಸೆಟ್ಟಾ. ಕ್ರಿಸ್ತಪೂರ್ವ 196ರ ಒಂದೇ ಆಜ್ಞೆ ಅದರಲ್ಲಿ ಮೂರು ಲಿಪಿಯಲ್ಲಿತ್ತು: ಮೇಲೆ ಹೈರೊಗ್ಲಿಫ್, ನಡುವೆ ದಿನಬಳಕೆಯ ಡೆಮೋಟಿಕ್, ಕೆಳಗೆ ಗ್ರೀಕ್. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗ್ರೀಕ್ ಭಾಗದಲ್ಲಿ ಟಾಲೆಮಿ ಅರಸನ ಹೆಸರಿತ್ತು, ಆದ್ದರಿಂದ ಮೇಲಿನ ಉಂಗುರದಲ್ಲಿರುವುದೂ ಅದೇ ಹೆಸರಿರಬೇಕು. ಇಂಗ್ಲೆಂಡಿನ ಥಾಮಸ್ ಯಂಗ್ ಅಲ್ಲಿಯ ಕೆಲವು ಅಕ್ಷರ ಗುರುತಿಸಿದರು. ಫ್ರಾನ್ಸಿನ ಶಾಂಪೋಲಿಯೋ ಇನ್ನೂ ಮುಂದೆ ಹೋದರು. ಫಿಲೇ ದ್ವೀಪದಿಂದ ತಂದ ಕಂಬವೊಂದರಲ್ಲಿ ಕ್ಲಿಯೋಪಾತ್ರ ಎಂಬ ರಾಣಿಯ ಉಂಗುರ ಇತ್ತು. ಎರಡೂ ಹೆಸರಿನಲ್ಲಿ ಪ, ಲ, ಒ ಇವೆ. ಪೀಠ, ಸಿಂಹ, ಹಗ್ಗದ ಕುಣಿಕೆ ಎರಡರಲ್ಲೂ ಸರಿಯಾದ ಜಾಗದಲ್ಲೇ ಬಂದವು. 'ತ' ಮಾತ್ರ ಹೊಂದಲಿಲ್ಲ: ಒಂದರಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕೈ. ಒಂದೇ ಶಬ್ದಕ್ಕೆ ಎರಡು ಗುರುತು ಇರಬಹುದು ಎಂದು ಅವರು ಧೈರ್ಯ ಮಾಡಿದರು. 1822ರ ಸೆಪ್ಟೆಂಬರ್‌ನಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಅವರಿಗೆ ಕಾಪ್ಟಿಕ್ ಭಾಷೆ ಚೆನ್ನಾಗಿ ಬರುತ್ತಿತ್ತು. ಕಾಪ್ಟಿಕ್ ಅಂದರೆ ಹಳೆಯ ಈಜಿಪ್ಟಿನ ಭಾಷೆಯೇ ಬೆಳೆದು ಬಂದ ರೂಪ, ಗ್ರೀಕ್ ಅಕ್ಷರಗಳಲ್ಲಿ ಬರೆಯುವಂಥದ್ದು. ಭಾಷೆ ಪೂರ್ತಿ ಸತ್ತಿರಲಿಲ್ಲ, ಅದಕ್ಕೇ ಲಿಪಿ ಸಿಕ್ಕಿತು.

ಈಗ ಅಕ್ಕನ ಮನೆಯ ಗೋಡೆಗೆ ಬರೋಣ. ಮೊದಲ ಉಂಗುರದಲ್ಲಿ ಮೇಲಿಂದ ಕೆಳಕ್ಕೆ: ಸೂರ್ಯ, ಜೀರುಂಡೆ, ಅದರ ಕೆಳಗೆ ಮೂರು ಗೆರೆ, ಬುಟ್ಟಿ. ಸೂರ್ಯ 'ರೆ', ಅವರ ಸೂರ್ಯದೇವ. ಜೀರುಂಡೆ 'ಖೆಪೆರ್', ರೂಪ. ಮೂರು ಗೆರೆ ಇದ್ದರೆ ಬಹುವಚನ, ಹಾಗಾಗಿ 'ಖೆಪೆರು', ರೂಪಗಳು. ಹಿಡಿ ಇಲ್ಲದ ಬುಟ್ಟಿ 'ನೆಬ್', ಒಡೆಯ. ಬರೆದದ್ದು ರೆ-ಖೆಪೆರು-ನೆಬ್, ಓದುವುದು ನೆಬ್-ಖೆಪೆರು-ರೆ. ಹಿಂದುಮುಂದು ಯಾಕೆ? ದೇವರ ಹೆಸರು ಎಲ್ಲಿ ಬಂದರೂ ಅದನ್ನು ಮೊದಲು ಬರೆಯುವುದು ಅವರ ಪದ್ಧತಿ. ನಮ್ಮ ಲಗ್ನಪತ್ರಿಕೆಯ ನೆತ್ತಿಯ ಮೇಲೆ ಕುಲದೇವರ ಹೆಸರು ಬರುವ ಹಾಗೆ. 'ಮೆದು ನೆಚೆರ್' ಬರೆಯುವಾಗಲೂ ದೇವರ ಬಾವುಟ ಮುಂದೆ, ಊರುಗೋಲು ಹಿಂದೆ.

ಎರಡನೆಯ ಉಂಗುರ. ಮೇಲ್ಗಡೆ ಜೊಂಡಿನ ಎಲೆ 'ಇ', ಪಕ್ಕದಲ್ಲಿ ಕಾಯಿಗಳನ್ನು ಸಾಲಾಗಿ ಇಟ್ಟ ಆಟದ ಮಣೆ 'ಮ್-ನ್', ಮಣೆಯ ಕೆಳಗೆ ಅಲೆ 'ನ್'. ಈ ಅಲೆ ಇನ್ನೊಂದು 'ನ್' ಅಲ್ಲ. ಮಣೆಯನ್ನು ಮ್-ನ್ ಎಂದೇ ಓದಿ ಎಂದು ನೆನಪಿಸಲು ಇದೆ. ಇಮ್ನ್, ಅಂದರೆ ಅಮುನ್ ದೇವರು. ಅದರ ಕೆಳಗೆ ಲಾವಕ್ಕಿ ಮರಿ ಮತ್ತು ಎರಡು ರೊಟ್ಟಿ: ತ್-ವ್-ತ್, 'ತುತ್', ಪ್ರತಿರೂಪ. ಪಕ್ಕದಲ್ಲಿ ಅಂಖ್. ದೇವರ ಹೆಸರನ್ನು ಅದರ ಜಾಗಕ್ಕೆ ತಂದು ಓದಿ: ತುತ್-ಅಂಖ್-ಅಮುನ್. ಅಮುನ್ ದೇವರ ಜೀವಂತ ಪ್ರತಿರೂಪ. ಅಡಿಯಲ್ಲಿ ಇನ್ನೂ ಮೂರು ಗುರುತು: ಕುರಿ ಕಾಯುವವರ ಕೊಕ್ಕೆಕೋಲು 'ಒಡೆಯ', ಕಂಬ 'ಇಉನು' ಎಂಬ ಪಟ್ಟಣ, ಒಂದು ಗಿಡ 'ದಕ್ಷಿಣ'. ದಕ್ಷಿಣದ ಇಉನುವಿನ ಒಡೆಯ.

ಉಂಗುರದ ಮೇಲೆಯೂ ಕಣ್ಣು ಹಾಯಿಸಿ. ಬಾತುಕೋಳಿ ಮತ್ತು ಸೂರ್ಯ ಇದ್ದರೆ 'ಸಾ ರೆ', ರೆ ದೇವರ ಮಗ. ಅದರ ಕೆಳಗೆ ಬರುವುದು ಹುಟ್ಟಿದಾಗ ಇಟ್ಟ ಹೆಸರು. ಗಿಡ ಮತ್ತು ಜೇನುಹುಳು ಇದ್ದರೆ ಪಟ್ಟಕ್ಕೆ ಬಂದಾಗ ಇಟ್ಟುಕೊಂಡ ಹೆಸರು. ತುತ್ ಅರಸನ ಹುಟ್ಟುಹೆಸರು ಮೊದಲು ತುತ್-ಅಂಖ್-ಅತೆನ್ ಆಗಿತ್ತು, ಅತೆನ್ ಅಂದರೆ ಸೂರ್ಯಬಿಂಬದ ರೂಪದ ದೇವರು. ದೇಶ ಅಮುನ್ ದೇವರಿಗೆ ಮರಳಿದಾಗ ಅವನೂ ಹೆಸರು ಬದಲಿಸಿದ. 1922ರಲ್ಲಿ ಹೊವರ್ಡ್ ಕಾರ್ಟರ್ ತಂಡ ತೆರೆದ ಅವನ ಸಮಾಧಿಯಲ್ಲಿ ಒಂದು ಚಿನ್ನದ ಸಿಂಹಾಸನ ಸಿಕ್ಕಿತು. ಅದರ ಮೇಲೆ ಎರಡೂ ಹೆಸರಿವೆ. ಅದರ ದೊಡ್ಡ ಫೋಟೊ ತೆರೆದು ಹುಡುಕಿ ನೋಡಿ, ಈಗ ನಿಮಗೆ ಸಿಗುತ್ತದೆ.

ಹೆಜ್ಜೆ 6: ಪದದ ಕೊನೆಯ ಮೂಕ ಚಿತ್ರ

ಮ್-ರ್ ತೊಂದರೆ ನೆನಪಿದೆಯಲ್ಲ? ಪರಿಹಾರ ಸರಳ. ಶಬ್ದ ಬರೆದು, ಕೊನೆಗೆ ಯಾವ ಬಗೆಯ ಪದ ಎಂದು ತೋರಿಸುವ ಒಂದು ಚಿತ್ರ ಇಡುತ್ತಿದ್ದರು. ಅದನ್ನು ಉಚ್ಚರಿಸುವುದಿಲ್ಲ. ಮ್-ರ್ ಆದ ಮೇಲೆ ಪಿರಮಿಡ್ ಇದ್ದರೆ ಪಿರಮಿಡ್. ಗುಬ್ಬಿ ಇದ್ದರೆ ಕಾಯಿಲೆ. ಬಾಯಿಗೆ ಕೈ ಇಟ್ಟು ಕೂತ ಮನುಷ್ಯ ಇದ್ದರೆ ಪ್ರೀತಿ. ಗುಬ್ಬಿ ಅವರಿಗೆ ಸಣ್ಣದರ, ಕೆಟ್ಟದರ ಗುರುತು. ಪಾಪ, ಬೆಳೆದ ಕಾಳು ತಿನ್ನುವ ಹಕ್ಕಿ ಅಂತಲೋ ಏನೋ. ಅದೇ ಥರ ಕಾಣುವ ಅಂಬರಗುಬ್ಬಿ 'ದೊಡ್ಡ' ಎಂಬ ಮಾತಿನ ಗುರುತು. ಬಾಲ ಕವಲೊಡೆದಿದ್ದರೆ ದೊಡ್ಡದು, ದುಂಡಗಿದ್ದರೆ ಕೆಟ್ಟದ್ದು. ಎಲ್ಲಿ ಸಂಶಯ ಬಂದರೂ ಬಾಲ ನೋಡಿ.

ನನಗೆ ತುಂಬ ಇಷ್ಟದ ಪದ ಬೆಕ್ಕಿನದು. ಹಾಲಿನ ಗಡಿಗೆ 'ಮಿ', ಎಲೆ 'ಇ', ಲಾವಕ್ಕಿ ಮರಿ 'ಉ', ಕೊನೆಗೆ ಬಾಲ ಸುತ್ತಿಕೊಂಡು ಕೂತ ಬೆಕ್ಕು. ಓದಿದರೆ 'ಮಿಉ'.

'ಪ್-ರ್' ಮನೆಯನ್ನೂ ನೋಡಿ. ಪಕ್ಕದಲ್ಲಿ ಒಂದೇ ಗೆರೆ ಇದ್ದರೆ ಅದು ಮನೆಯೇ. ಬಾಯಿ, ಆಮೇಲೆ ನಡೆಯುವ ಎರಡು ಕಾಲು ಇದ್ದರೆ 'ಹೊರಗೆ ಹೋಗು'. ಮನೆ, ಜೊತೆಗೆ ದೊಡ್ಡದು ಎಂಬರ್ಥದ ಒಂದು ಕಂಬ ಇದ್ದರೆ 'ಪೆರ್-ಆ', ದೊಡ್ಡ ಮನೆ, ಅಂದರೆ ಅರಮನೆ. ಅರಮನೆಯ ಹೆಸರೇ ಕಾಲಕ್ರಮದಲ್ಲಿ ಅಲ್ಲಿದ್ದವನಿಗೂ ಅಂಟಿತು. ನಾವು 'ಫೇರೋ' ಎನ್ನುವುದು ಅದನ್ನೇ.

ಹೆಜ್ಜೆ 7: ಸಂಖ್ಯೆ

ಇದು ಸುಲಭ. ಗೆರೆ 1, ಕಮಾನಿನಂಥದ್ದು 10, ಸುರುಳಿ ಹಗ್ಗ 100, ತಾವರೆ ಗಿಡ 1,000, ಬೆರಳು 10,000, ಗೊದಮೊಟ್ಟೆ ಮರಿ 1,00,000. ಎಷ್ಟು ಬೇಕೋ ಅಷ್ಟು ಸಲ ಬರೆಯುವುದು. ಮೂರು ಸುರುಳಿ, ಆರು ಕಮಾನು, ಐದು ಗೆರೆ ಇದ್ದರೆ 365.

ಪೇಟೆಯಲ್ಲಿ ಮೋಸ ಹೋಗಬೇಡಿ

ನಿಮ್ಮ ಹೆಸರನ್ನು ಹೈರೊಗ್ಲಿಫ್‌ನಲ್ಲಿ ಕೆತ್ತಿದ ಬೆಳ್ಳಿ ಪದಕ ಈಜಿಪ್ಟಿನಲ್ಲಿ ಎಲ್ಲೆಡೆ ಸಿಗುತ್ತದೆ. ಕೊಳ್ಳಿ, ಚೆನ್ನಾಗಿರುತ್ತದೆ. ಆದರೆ ಇಂಗ್ಲಿಷ್ ಅಕ್ಷರಮಾಲೆಗೆ ಒಂದಕ್ಕೊಂದು ಹೊಂದಿಸಿದ ಆ ಪಟ್ಟಿ ಇತ್ತೀಚಿನದು, ಹಳೆಯದಲ್ಲ. ಅದನ್ನು ಇಟ್ಟುಕೊಂಡು ಗುಡಿಯ ಗೋಡೆ ಓದಲು ಹೋದರೆ ದಾರಿ ತಪ್ಪುತ್ತದೆ.

ಕನ್ನಡಿಗರು ಕೇಳುವ ಇನ್ನೊಂದು ಪ್ರಶ್ನೆ: ಈಜಿಪ್ಟಿನ ಆಕ್ಸಿರಿಂಕಸ್ ಪಪೈರಸ್‌ನಲ್ಲಿ ಕನ್ನಡ ಇದೆಯಂತಲ್ಲ, ಅದು ಹೈರೊಗ್ಲಿಫಾ? ಅಲ್ಲ. ಅದು ಗ್ರೀಕ್ ಲಿಪಿಯಲ್ಲಿರುವ ಒಂದು ಪ್ರಹಸನ. ಅದರ ಕೆಲವು ಮಾತುಗಳು ಕನ್ನಡ ಎಂದು ಜರ್ಮನಿಯ ವಿದ್ವಾಂಸ ಹುಲ್ಟ್ಶ್ ಮೊದಲು ಹೇಳಿದರು, ಆಮೇಲೆ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಓದಲು ಶ್ರಮಪಟ್ಟರು. ಚರ್ಚೆ ಇನ್ನೂ ಮುಗಿದಿಲ್ಲ.

ಹೆಜ್ಜೆ 8: ಸತ್ತವರ ಎಡೆ

ಮ್ಯೂಸಿಯಂಗೆ ಹೋದರೆ ನಿಮಗೆ ಹೆಚ್ಚು ಸಿಗುವುದು ಸಮಾಧಿಯ ಕಲ್ಲುಗಳು, ಶವಪೆಟ್ಟಿಗೆಗಳು. ಅವುಗಳ ಮೇಲೆ ಸಾವಿರಾರು ವರ್ಷ ಒಂದೇ ಸಾಲು ಬಂದಿದೆ: 'ಹೆತೆಪ್ ದಿ ನೆಸು', ಅರಸನು ಕೊಡುವ ಎಡೆ. ಸಾಲಿನ ಆರಂಭದಲ್ಲಿ ಒಂದು ಗಿಡ ಮತ್ತು ರೊಟ್ಟಿ, ಚಾಪೆಯ ಮೇಲಿಟ್ಟ ರೊಟ್ಟಿ, ಎತ್ತರದ ಒಂದು ತ್ರಿಕೋನ, ಇವು ಒಟ್ಟಿಗೆ ಕಂಡರೆ ಅದೇ. ಗಿಡ ಅಂದರೆ ಅರಸ. ದೇವರ ಹಾಗೆ ಅರಸನಿಗೂ ಮೊದಲ ಜಾಗ, ಓದುವಾಗ ಕೊನೆಗೆ.

ಮುಂದೆ ಒಂದು ಮನೆಯ ಗುರುತು ಬರುತ್ತದೆ, ಅದರೊಂದಿಗೆ ದೋಣಿಯ ಹುಟ್ಟು, ರೊಟ್ಟಿ, ಬಿಯರ್ ಗಡಿಗೆ. ಮನೆ ಇಲ್ಲಿ 'ಹೊರಡು'. ಹುಟ್ಟು 'ಖೆರು', ದನಿ. 'ಪೆರೆತ್ ಖೆರು', ಬಾಯಿಂದ ಹೊರಡುವ ದನಿ. ಎಡೆಯನ್ನು ಬಾಯಲ್ಲಿ ಹೇಳಿದರೂ ಸತ್ತವರಿಗೆ ತಲುಪುತ್ತದೆ ಎಂದು ಅವರು ನಂಬಿದ್ದರು. ಆಮೇಲೆ ಎತ್ತಿನ ತಲೆ, ಹಕ್ಕಿಯ ತಲೆ. ಇಲ್ಲಿ ಮಾತ್ರ ಚಿತ್ರ ಏನು ತೋರಿಸುತ್ತದೋ ಅದೇ: ರೊಟ್ಟಿ, ಬಿಯರ್, ಎತ್ತು, ಹಕ್ಕಿ. ತಾವರೆ ಗಿಡ ಇದ್ದರೆ ಒಂದೊಂದೂ ಸಾವಿರ. ಪಕ್ಷಮಾಸದಲ್ಲಿ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವ ಮನೆಯಲ್ಲಿ ಬೆಳೆದವಳು ನಾನು. ಈ ಸಾಲನ್ನು ಮೊದಲ ಸಲ ಪೂರ್ತಿ ಓದಿದ ದಿನ ಕಣ್ಣು ತುಂಬಿ ಬಂತು.

ಸಾಲಿನ ಕೊನೆಯ ಕಡೆ ಮೇಲೆತ್ತಿದ ಎರಡು ತೋಳು ಹುಡುಕಿ. ಅದು 'ಕಾ', ಸತ್ತವರ ಚೈತನ್ಯ. ಅದರ ನಂತರ ಅವರ ಹುದ್ದೆ, ಹೆಸರು. ಹೆಸರಾದ ಮೇಲೆ ಮತ್ತೆ ಅದೇ ದೋಣಿಯ ಹುಟ್ಟು ಬರುತ್ತದೆ: 'ಮಾ ಖೆರು', ನಿಜದ ದನಿಯವರು. ನಾವು ದಿವಂಗತ ಎಂದು ಹೆಸರಿಗಿಂತ ಮೊದಲು ಹಾಕುತ್ತೇವೆ, ಅವರು ಇದನ್ನು ಹೆಸರಾದ ಮೇಲೆ ಹಾಕಿದರು. ಎರಡು ತೋಳಿಗೂ ಆ ಹುಟ್ಟಿಗೂ ನಡುವೆ ಇರುವ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ. ಎಷ್ಟೋ ಸಮಾಧಿಗಳಲ್ಲಿ ದಾರಿಹೋಕರನ್ನು ಕರೆದು, ನಿಮಗೆ ಖರ್ಚಾಗುವುದು ಬಾಯಿಯ ಉಸಿರು ಮಾತ್ರ, ಇದನ್ನು ಹೇಳಿಹೋಗಿ ಎಂದು ಕೇಳಿಕೊಂಡಿದ್ದಾರೆ. ಹಾಗಾಗಿ ಮನಸ್ಸಿನಲ್ಲೇ ಓದಬೇಡಿ. ಹೆಸರು ಸಿಕ್ಕ ಮೇಲೆ ಮೆಲ್ಲಗಾದರೂ ಸರಿ, ಬಾಯಿಬಿಟ್ಟು ಹೇಳಿ.